ಎರಡು ಲಾರ್ಜ್ ಅಷ್ಟೇ ಅಂತಾರೆ, ಬೈಕ್ ಹತ್ತಲಾ?

ಪ್ರಶ್ನೆ: ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ಹಬ್ಬ, ಬಾಡೂಟ ಅಂತ ನೆಂಟರ ಮನೆಗೆ ಹೋದಾಗೆಲ್ಲ ನಮ್ಮ ಯಜಮಾನರು ಎರಡು ಲಾರ್ಜ್ ವಿಸ್ಕಿ ಹಾಕಿಕೊಂಡೇ ಬೈಕ್ ಹತ್ತುತ್ತಾರೆ. ಹಿಂದೆ ನಾನು, ಮಧ್ಯೆ ನಾಲ್ಕು ವರ್ಷದ ಮಗಳು. "ಸ್ಟಡಿಯಾಗಿದೀನಿ, ಇಷ್ಟು ವರ್ಷ ಏನಾದ್ರೂ ಆಗಿದ್ಯಾ" ಅಂತಾರೆ. ಹೇಗೆ ಹೇಳುವುದು? ಏನಾದರೂ ಆದರೆ ಇನ್ಶೂರೆನ್ಸ್ ಸಿಗುತ್ತಾ?
– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಮುಂದಿನ ಸಲ ಅವರು ಕುಡಿದಿದ್ದರೆ ನೀವು ಆ ಬೈಕ್ ಹತ್ತಬೇಡಿ, ಮಗುವನ್ನೂ ಹತ್ತಿಸಬೇಡಿ. ಉಳಿದದ್ದೆಲ್ಲ ಆಮೇಲೆ.

ಸ್ಟಡಿಯಾಗಿದೀನಿ ಅಂತ ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿ ಹಾಗೇ ಅನ್ನಿಸುತ್ತದೆ, ಯಾಕೆಂದರೆ ಕುಡಿತ ಮೊದಲು ಕೆಡಿಸುವುದೇ ಆ ಅಂದಾಜನ್ನು. ಕಾಲು ತೂರಾಡುವುದು, ನಾಲಿಗೆ ತೊದಲುವುದು ಎಷ್ಟೋ ಆಮೇಲಿನ ಮಾತು. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. 65 ಕೆಜಿ ತೂಕದ ಗಂಡಸು 60 ಮಿಲಿಯ ಎರಡು ಲಾರ್ಜ್ ಬೇಗ ಬೇಗ ಮುಗಿಸಿದರೆ ಲೆಕ್ಕದ ಪ್ರಕಾರ ಅದು 90ರ ಆಸುಪಾಸು ಮುಟ್ಟಬಹುದು, ಅಂದರೆ ಮಿತಿಯ ಮೂರು ಪಟ್ಟು. ಅರವತ್ತರ ಸ್ಪೀಡಿನಲ್ಲಿ ಬೈಕ್ ಒಂದು ಸೆಕೆಂಡಿಗೆ ಹದಿನಾರು ಮೀಟರ್ ಮೇಲೆ ಹೋಗುತ್ತದೆ. ಬ್ರೇಕ್ ಒತ್ತುವುದು ಅರ್ಧ ಸೆಕೆಂಡ್ ತಡವಾದರೂ ಎಂಟು ಮೀಟರ್ ಮುಂದೆ ಹೋಗಿರುತ್ತೀರಿ, ನಿಮ್ಮ ಕಡೆ ರಾತ್ರಿ ಹೊತ್ತು ಹಿಂದೆ ಲೈಟೇ ಇಲ್ಲದ ಕಬ್ಬಿನ ಟ್ರ್ಯಾಕ್ಟರ್, ಬಣ್ಣ ಹೊಡೆಯದ ಹಂಪು ಎಷ್ಟಿರುತ್ತವೆ ಅಂತ ನಿಮಗೇ ಗೊತ್ತು ಅಲ್ವಾ.

ಇನ್ಶೂರೆನ್ಸ್ ವಿಷಯ ಅವರಿಗೆ ಬಿಡಿಸಿ ಹೇಳಿ. ಕುಡಿದು ಓಡಿಸಿದ್ದು ಗೊತ್ತಾದರೆ ಅವರ ಬೈಕಿನ ಡ್ಯಾಮೇಜಿಗೆ ಕ್ಲೇಮ್ ಸಿಗುವುದಿಲ್ಲ, ಓಡಿಸಿದವರಿಗೇ ಏನಾದರೂ ಆದರೆ ಬರಬೇಕಾದ 15 ಲಕ್ಷದ ಅಪಘಾತ ವಿಮೆಯಲ್ಲೂ ಕುಡಿದಿದ್ದರೆ ದುಡ್ಡಿಲ್ಲ ಎಂಬ ಷರತ್ತಿದೆ. ಬೇರೆಯವರಿಗೆ ಗುದ್ದಿದರೆ ಕಂಪನಿ ಅವರಿಗೆ ಪರಿಹಾರ ಕೊಟ್ಟು ನಿಮ್ಮ ಕೈಯಿಂದ ವಸೂಲಿ ಮಾಡಬಹುದು. ಆಗ ಗದ್ದೆ ಮಾರುವ ಪರಿಸ್ಥಿತಿಯೂ ಬರಬಹುದು. ಯಾರಾದರೂ ಸತ್ತರೆ ಜೈಲು. 2006ರಲ್ಲಿ ಮುಂಬೈನ ಬಾಂದ್ರಾದಲ್ಲಿ ಒಬ್ಬ ಕುಡಿದು ಕಾರು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದ ಏಳು ಜನ ಕೂಲಿಯವರನ್ನು ಕೊಂದ. ಸುಪ್ರೀಂ ಕೋರ್ಟು 2012ರಲ್ಲಿ ಅದನ್ನು ಬರೀ ಅಜಾಗರೂಕತೆ ಅನ್ನಲಿಲ್ಲ, ಕೊಲೆಯಲ್ಲದ ನರಹತ್ಯೆ ಎಂದೇ ಒಪ್ಪಿ ಮೂರು ವರ್ಷದ ಶಿಕ್ಷೆ ಎತ್ತಿಹಿಡಿಯಿತು. ನನ್ನ ಪ್ರಕಾರ ಮೂರು ವರ್ಷ ತೀರಾ ಕಡಿಮೆ.

ಇದನ್ನೆಲ್ಲ ಅವರು ಕುಡಿದಿರುವಾಗ ಹೇಳಬೇಡಿ. ಸಿಟ್ಟಿನಲ್ಲಿ ಇನ್ನೂ ಜೋರಾಗಿ ಓಡಿಸುತ್ತಾರೆ. ಬೆಳಿಗ್ಗೆ ಕಾಫಿ ಹೊತ್ತಿನಲ್ಲಿ, ಮಗಳು ಪಕ್ಕದಲ್ಲಿದ್ದಾಗ ಹೇಳಿ. ಬಾಡೂಟಕ್ಕೆ ಹೊರಡುವ ಮುಂಚೆಯೇ ತೀರ್ಮಾನ ಆಗಿಬಿಡಲಿ: ಕುಡಿಯುವುದಾದರೆ ರಾತ್ರಿ ಅಲ್ಲೇ ಉಳಿಯುವುದು, ಇಲ್ಲವಾದರೆ ಬಸ್ಸಿನಲ್ಲೇ ಹೋಗಿಬರುವುದು. ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ಖರ್ಚೂ ಇಲ್ಲ. ನೆಂಟರಿಗೂ ಹೇಳಿಡಿ, ಕುಡಿಸಿ ಕೀ ಕೈಗೆ ಕೊಟ್ಟು "ಹುಷಾರಾಗಿ ಹೋಗಪ್ಪ" ಅನ್ನುವುದು ಪ್ರೀತಿ ಅಲ್ಲ. ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ ಅಂತ ಕಾನೂನಿನಲ್ಲಿದೆ.

ಪ್ರಶ್ನೆ: ರಾತ್ರಿ ಪಾರ್ಟಿಯಲ್ಲಿ ಒಂದು ಕ್ವಾರ್ಟರ್, ಒಂದು ಬಿಯರ್ ಕುಡಿದು ಮಲಗಿದ್ದೆ. ಬೆಳಿಗ್ಗೆ ಏಳಕ್ಕೆ ಡ್ಯೂಟಿಗೆ ಹೊರಟಾಗ ಪೊಲೀಸರು ಊದಿಸಿದರು, 48 ತೋರಿಸಿತು. ಮಜ್ಜಿಗೆ, ನಿಂಬೆ ರಸ ಎಲ್ಲ ಕುಡಿದಿದ್ದೆ. ಮೆಷಿನ್ ಸರಿ ಇಲ್ಲ ಅಲ್ವಾ ಸರ್?
– ಓದುಗ, ಬೆಂಗಳೂರು

ಉತ್ತರ: ಮೆಷಿನ್ ಸರಿಯಾಗೇ ಇರಬಹುದು. 100 ಮಿಲಿಲೀಟರ್ ರಕ್ತದಲ್ಲಿನ ಆಲ್ಕೋಹಾಲ್ ಗಂಟೆಗೆ ಸುಮಾರು 15 ಮಿಲಿಗ್ರಾಂ ಮಾತ್ರ ಇಳಿಯುತ್ತದೆ. ಆ ಕೆಲಸ ಹೆಚ್ಚುಕಮ್ಮಿ ಪೂರ್ತಿ ಲಿವರ್‌ನದು, ಅದನ್ನು ಮಜ್ಜಿಗೆ, ಕಾಫಿ, ತಣ್ಣೀರ ಸ್ನಾನ ಯಾವುದೂ ಬೇಗ ಮಾಡಿಸುವುದಿಲ್ಲ. ನೀವು ಕುಡಿದಿರುವುದು ಇಳಿಯಲು ಹತ್ತು ಗಂಟೆಗೂ ಜಾಸ್ತಿ ಬೇಕು. ನಿದ್ದೆ ಮಾಡಿ ಎದ್ದ ಮೇಲೆ ತಲೆ ಹಗುರ ಅನ್ನಿಸಿರಬಹುದು, ಆದರೂ ಏಳು ಗಂಟೆಗೆ, ಶಾಲೆ ಮಕ್ಕಳು ರಸ್ತೆಯಲ್ಲಿರುವ ಹೊತ್ತಿನಲ್ಲಿ, ನೀವು ಕುಡಿದೇ ಗಾಡಿ ಓಡಿಸುತ್ತಿದ್ದಿರಿ.

ಈ ದಂಡ ಸ್ಥಳದಲ್ಲೇ ಕಟ್ಟುವಂಥದ್ದಲ್ಲ, ಕೋರ್ಟಿಗೇ ಹೋಗಬೇಕು. ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಎರಡನೇ ಸಲ ಸಿಕ್ಕಿದರೆ 15,000 ರೂಪಾಯಿ, ಎರಡು ವರ್ಷ. ಲೈಸೆನ್ಸ್ ಸಸ್ಪೆಂಡ್ ಆದರೆ ಆ ಅವಧಿಯಲ್ಲಿ ಗಾಡಿ ಮುಟ್ಟಬೇಡಿ, ಮೆಟ್ರೋ, ಬಸ್ಸಿನಲ್ಲಿ ಡ್ಯೂಟಿಗೆ ಹೋಗಿ. ಇನ್ನು ಮುಂದೆ ಮಾರನೇ ದಿನ ಡ್ಯೂಟಿ ಇದ್ದರೆ ಹಿಂದಿನ ರಾತ್ರಿ ಕುಡಿಯಬೇಡಿ.