ರಜೆ ದಿನ ರಬ್ಬರ್ ಸ್ಟಾಂಪ್, ಸ್ಕ್ರಾಪ್‌ಬುಕ್ ಮಾಡೋದು ಶುರು ಮಾಡಬೇಕು, ಏನೇನು ಬೇಕು?

ಮೊದಲೇ ದುಬಾರಿ ಕಿಟ್ ಕೊಳ್ಳಬೇಡಿ. ದೊಡ್ಡದೊಂದು ಪೆನ್ಸಿಲ್ ರಬ್ಬರ್, ಕಟರ್, ಇಂಕ್ ಪ್ಯಾಡ್ ಸಾಕು. ಬಟರ್ ಪೇಪರ್ ಮೇಲೆ ಪೆನ್ಸಿಲ್‌ನಲ್ಲಿ ಗಾಢವಾಗಿ ಚಿತ್ರ ಬರೆದು, ಆ ಮುಖವನ್ನೇ ರಬ್ಬರ್ ಮೇಲೆ ಮಗುಚಿ, ಬೆನ್ನ ಮೇಲೆ ಉಗುರಿನಿಂದ ಉಜ್ಜಿದರೆ ಚಿತ್ರ ಉಲ್ಟಾ ಆಗಿ ಇಳಿಯುತ್ತದೆ, ಅಚ್ಚು ಒತ್ತಿದಾಗ ಮತ್ತೆ ನೇರ. ಇದು ಗೊತ್ತಿಲ್ಲದೆ ನಾನು ‘ಅಮ್ಮ’ ಅಂತ ನೇರವಾಗೇ ಕೊರೆದಿದ್ದೆ, ಕಾರ್ಡ್ ಓದೋಕೆ ಕನ್ನಡಿ ಬೇಕಾಯಿತು! ಗೆರೆಯ ಸುತ್ತ ಕೊರೆಯುವಾಗ ಕಟರ್ ಸ್ವಲ್ಪ ಓರೆಯಾಗಿರಲಿ. ಬುಡ ಅಗಲ ಇದ್ದರೆ ಸಣ್ಣ ಗೆರೆ ಮುರಿಯುವುದಿಲ್ಲ.

ಸ್ಕ್ರಾಪ್‌ಬುಕ್‌ಗೆ, ಅಂದರೆ ಫೋಟೋ, ಟಿಕೆಟ್ ಅಂಟಿಸಿಡುವ ನೆನಪಿನ ಪುಸ್ತಕಕ್ಕೆ, ಆಸಿಡ್ ಫ್ರೀ (ಆಮ್ಲವಿಲ್ಲದ, ಬೇಗ ಹಳದಿಯಾಗದ) ಹಾಳೆ ಒಳ್ಳೆಯದು. ಸೆಲ್ಲೋ ಟೇಪ್ ಬೇಡ, ಹಳದಿಯಾಗುತ್ತದೆ. ಕಂಡಕ್ಟರ್ ಮಷಿನ್‌ನಿಂದ ಹರಿದು ಕೊಡುವ ನುಣುಪು ಬಸ್ ಟಿಕೆಟ್ ಇದೆಯಲ್ವಾ, ಅದು ಥರ್ಮಲ್ ಕಾಗದ (ಬಿಸಿಯಿಂದ ಅಕ್ಷರ ಮೂಡುವ ಕಾಗದ), ಅಕ್ಷರ ಮಾಸಿಹೋಗುತ್ತದೆ. ಮೊದಲು ಜೆರಾಕ್ಸ್ ಮಾಡಿಸಿ, ಅದನ್ನೇ ಅಂಟಿಸಿ.