ಪ್ರತಿಕ್ರಿಯೆ: ಡುನಾದಲ್ಲಿ ಪ್ಯಾರಾಚೂಟ್ ಬಿಚ್ಚಿದ್ರೂ ಲ್ಯಾಂಡರ್ ಪುಡಿಯಾಗ್ತಿರೋದು

ಕರ್ಬಲ್ ಸ್ಪೇಸ್ ಪ್ರೋಗ್ರಾಂ ಗೇಮ್‌ನಲ್ಲಿ ಪ್ಯಾರಾಚೂಟ್ ಬಿಚ್ಚಿದ್ರೂ ಲ್ಯಾಂಡರ್ ಯಾಕೆ ಪುಡಿಯಾಗ್ತಿದೆ ಅಂತ ಕೇಳಿದ್ರಿ. ಕರ್ಬಿನ್‌ನಲ್ಲಿ (ಗೇಮ್‌ನ ಭೂಮಿಯಂಥ ಗ್ರಹ) ಚೆನ್ನಾಗಿ ಇಳಿಯೋ ಲ್ಯಾಂಡರ್ ಡುನಾದಲ್ಲಿ (ಮಂಗಳನಂಥ ಗ್ರಹ) ಒಡೆಯೋದಕ್ಕೆ ಕಾರಣ ಬಹುತೇಕ ಗಾಳಿ ಸಾಲ್ತಿಲ್ಲ ಅನ್ನೋದೇ, ಅಲ್ಲಿ ನೆಲಮಟ್ಟದಲ್ಲೂ ಒತ್ತಡ ಕರ್ಬಿನ್‌ನ ಸುಮಾರು 7% ಅಷ್ಟೇ, ಗುರುತ್ವ 0.3 ಜಿ ಇದ್ರೂ ಬರೀ ಪ್ಯಾರಾಚೂಟ್ ನಂಬಿದ್ರೆ ಕೆಲಸ ಆಗಲ್ಲ. ಕೊನೇ ಬ್ರೇಕ್ ಇಂಜಿನ್ನೇ ಹಾಕ್ಬೇಕು.

ಮೊದಲು ತಗ್ಗು ಜಾಗ ಆರಿಸ್ಕೊಳಿ. ನೀವು ನೋಡ್ತಿರೋ ಎತ್ತರ ಬಹುಶಃ ಡುನಾದ ಸೊನ್ನೆ ಮಟ್ಟದಿಂದ ಲೆಕ್ಕ ಹಾಕಿದ್ದು, ನಮ್ಮ ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆಯಲ್ಲ ಹಂಗೆ, ಅದಕ್ಕೇ ಆಲ್ಟಿಮೀಟರ್ (ಎತ್ತರ ತೋರಿಸೋ ಮೀಟರ್) ಇನ್ನೂ ಸಾವಿರಾರು ತೋರಿಸ್ತಿರುವಾಗ್ಲೇ ಗುಡ್ಡ ಬಂದು ಬಡಿಯುತ್ತೆ. ಆಲ್ಟಿಮೀಟರನ್ನ ನೆಲದಿಂದ ಎತ್ತರ ತೋರಿಸೋ ಮೋಡ್‌ಗೆ ಹಾಕಿ.

ಆಮೇಲೆ ಕಕ್ಷೆಯಿಂದ ಕಡಿದಾಗಿ ಧುಮುಕ್ಬೇಡಿ, ಓರೆಯಾಗಿ ಇಳೀರಿ, 50 ಕಿಮೀಗೆ ವಾತಾವರಣ ಶುರು. ಲ್ಯಾಂಡರ್ ರೆಟ್ರೋಗ್ರೇಡ್ (ಸಾಗ್ತಿರೋ ದಿಕ್ಕಿಗೆ ಉಲ್ಟಾ ಮುಖ) ಹಿಡಿದಿರ್ಲಿ. ಮೊದಲು ಡ್ರೋಗ್ (ವೇಗ ತಗ್ಗಿಸೋಕೆ ಮೊದಲು ಬಿಚ್ಚೋ ಚಿಕ್ಕ ಪ್ಯಾರಾಚೂಟ್), ಐಕಾನ್ ಸೇಫ್ ಅಂತ ತೋರಿಸಿದ್ಮೇಲೆ ಮೇನ್ ಚೂಟ್. ಮೇನ್ ಪೂರ್ತಿ ಬಿಚ್ಚೋ ಎತ್ತರ ಡೀಫಾಲ್ಟ್ 1000 ಮೀಟರ್, ಇದು ಡುನಾಗೆ ತಡ ಆಗುತ್ತೆ, ಬಲ ಕ್ಲಿಕ್ ಮಾಡಿ ಜಾಸ್ತಿ ಮಾಡಿ, ಚೂಟ್ ತೆರ್ಕೊಳ್ಳೋಕೆ ಬೇಕಾದ ಮಿನಿಮಮ್ ಪ್ರೆಶರ್ (ಗಾಳಿ ಒತ್ತಡ) ಕಡಿಮೆ ಮಾಡಿ. ಕೊನೇ ಕೆಲವು ನೂರು ಮೀಟರಲ್ಲಿ ಇಂಜಿನ್ ಹಚ್ಚಿ ವೇಗ ಸೆಕೆಂಡಿಗೆ 5 ಮೀಟರ್ ಒಳಗೆ ತನ್ನಿ.

ಲ್ಯಾಂಡರ್ ತೂಕ ನೀವು ಬರ್ದಿಲ್ಲ, ಹಂಗಾಗಿ ಎಷ್ಟು ಚೂಟ್ ಬೇಕು ಅಂತ ಖಚಿತವಾಗಿ ಹೇಳಕ್ಕಾಗಲ್ಲ. ವಾತಾವರಣಕ್ಕೆ ನುಗ್ಗೋ ಮುಂಚೆ ಎಫ್5 ಒತ್ತಿ ಸೇವ್ ಮಾಡಿ, ನೀವು ತೀರ್ಥಹಳ್ಳಿಯವರು ಅಂದ್ರಿ, ಈ ಮಳೇಲಿ ಕರೆಂಟ್ ಬೇರೆ ನಂಬಂಗಿಲ್ಲ. ಇಂಧನ ಸಾಲ್ದೆ ಹೋದ್ರೆ ಇನ್ನೆರಡು ಡ್ರೋಗ್ ಸೇರಿಸಿ ನೋಡಿ.