ಬೆನ್ನ ಮೇಲೆ 29 ಇರುವ ಜರ್ಸಿ

ಪ್ರಶ್ನೆ: ಹಾಸನ ನನ್ನ ಊರು. 14 ವರ್ಷದಿಂದ ಡೆಟ್ರಾಯಿಟ್ ಹತ್ತಿರ ಇದ್ದೇನೆ. ಇಲ್ಲಿನ ಬೇಸ್‌ಬಾಲ್ ತಂಡ ಟೈಗರ್ಸ್ ಅಂದರೆ ನನಗೂ 11 ವರ್ಷದ ಮಗನಿಗೂ ಪ್ರಾಣ. 2026ರ ಸೀಸನ್ ಮುಗಿದರೆ ನಮ್ಮ ಪಿಚರ್ (ಚೆಂಡು ಎಸೆಯುವವರು) ಟಾರಿಕ್ ಸ್ಕೂಬಲ್ ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಅದಕ್ಕೂ ಮೊದಲೇ ತಂಡದವರೇ ಅವರನ್ನು ಬೇರೆ ತಂಡಕ್ಕೆ ಟ್ರೇಡ್ ಮಾಡಿಬಿಡುತ್ತಾರೆ ಅಂತಲೂ ದಿನಾ ಗಾಳಿಸುದ್ದಿ. ರಾತ್ರಿ 2 ಗಂಟೆಗೆ ಎದ್ದು ಫೋನ್ ನೋಡುತ್ತೇನೆ. ಹೆಂಡತಿಗೆ ಸಾಕಾಗಿದೆ. ಮಗ ಹುಟ್ಟುಹಬ್ಬಕ್ಕೆ ಸ್ಕೂಬಲ್ ಜರ್ಸಿ ಕೇಳಿದ್ದಾನೆ. ನಾಳೆ ದುಡ್ಡಿನ ಹಿಂದೆ ಹೋಗುವವರ ಹೆಸರು ನನ್ನ ಮಗನ ಬೆನ್ನ ಮೇಲೆ ಯಾಕೆ?

ಉತ್ತರ: ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಡೆಟ್ರಾಯಿಟ್‌ನವರು ಇದನ್ನು ಮೊದಲೇ ಉಂಡವರು. 2014ರಲ್ಲಿ ಟೈಗರ್ಸ್ ಪಿಚರ್ ಮ್ಯಾಕ್ಸ್ ಶೆರ್ಜರ್ ತಂಡ ಕೊಡುತ್ತೇವೆಂದ 14.4 ಕೋಟಿ ಡಾಲರ್ ಬೇಡ ಅಂದರು. ಮುಂದಿನ ಜನವರಿಯಲ್ಲಿ 21 ಕೋಟಿಗೆ ವಾಷಿಂಗ್ಟನ್‌ಗೆ ಹೋದರು. ಇನ್ನೊಬ್ಬ ಟೈಗರ್ಸ್ ಪಿಚರ್ ಜಸ್ಟಿನ್ ವರ್ಲ್ಯಾಂಡರ್ 2013ರಲ್ಲಿ ದೊಡ್ಡ ಒಪ್ಪಂದಕ್ಕೆ ಸಹಿ ಹಾಕಿದರು. ಊರವರು ನೆಮ್ಮದಿಯಾಗಿ ಉಸಿರುಬಿಟ್ಟರು. ಅವರನ್ನೂ 2017ರ ಆಗಸ್ಟ್‌ನಲ್ಲಿ ಹೂಸ್ಟನ್‌ಗೆ ಕಳಿಸಿದರು. ಅಂದರೆ, ಸಹಿ ಬಿದ್ದರೆ ನಿಮಗೆ ನಿದ್ದೆ ಬರುತ್ತದೆ ಅಂತ ಅಂದುಕೊಂಡಿದ್ದೀರಲ್ಲ, ಅದೂ ಖಾತ್ರಿ ಇಲ್ಲ.

ಇನ್ನು ದುಡ್ಡಿನ ಮಾತು. ಇಲ್ಲಿ ನಾನು ನಿಮ್ಮ ಜೊತೆ ಇಲ್ಲ. ಸ್ಕೂಬಲ್ ಅವರನ್ನು 2018ರಲ್ಲಿ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, ಆರಿಸಿದ್ದು ಒಂಬತ್ತನೇ ಸುತ್ತಿನಲ್ಲಿ. ಚೆಂಡೆಸೆಯುವ ಎಡಗೈಗೆ ಕಾಲೇಜಿನಲ್ಲಿದ್ದಾಗಲೇ ಒಂದು ಆಪರೇಷನ್, 2022ರಲ್ಲಿ ಇನ್ನೊಂದು. ಆಮೇಲೆ 2024, 2025 ಎರಡೂ ವರ್ಷ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ದೊಡ್ಡ ಲೀಗಿನಲ್ಲಿ ಆರು ವರ್ಷ ದುಡಿಯುವ ತನಕ ಆಟಗಾರನಿಗೆ ತಂಡ ಆರಿಸಿಕೊಳ್ಳುವ ಹಕ್ಕೇ ಇಲ್ಲ. ಆ ಹೊತ್ತಿಗೆ ಪಿಚರ್‌ನ ಕೈಯಲ್ಲಿ ಎಷ್ಟು ಉಳಿದಿರುತ್ತದೋ ಯಾರಿಗೆ ಗೊತ್ತು? ವಾಷಿಂಗ್ಟನ್‌ನ ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್ 2019ರ ಕೊನೆಗೆ 24.5 ಕೋಟಿಗೆ ಸಹಿ ಹಾಕಿದರು. ಆಮೇಲೆ ಆಡಿದ್ದು ಬರೀ ಎಂಟು ಪಂದ್ಯ. ಕೈ ನೆಟ್ಟಗಿರುವಾಗಲೇ ಒಳ್ಳೆಯ ಬೆಲೆ ಕೇಳುವುದು ತಪ್ಪಾ? ನೀವೂ ಹಾಸನ ಬಿಟ್ಟು ಹೋಗಿದ್ದು ಒಂದು ಕೆಲಸಕ್ಕಾಗಿಯೇ ಅಲ್ವಾ? ಊರಿನ ಮೇಲೆ ನಿಮಗೇನು ಪ್ರೀತಿ ಕಮ್ಮಿಯಿತ್ತೇ? ಮಗನ ಮುಂದೆ ದಯವಿಟ್ಟು ಅವರನ್ನು ದುಡ್ಡಿನಾಸೆಯವರು ಅನ್ನಬೇಡಿ.

ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ತಾಕಿದ್ದು ಬೇರೆಯೇ. 2025ರ ಅಕ್ಟೋಬರ್‌ನ ಸಿಯಾಟಲ್ ಪಂದ್ಯದ ರಾತ್ರಿ ಬಗ್ಗೆ ಬರೆದಿದ್ದೀರಿ. ಸ್ಕೂಬಲ್ ಆರು ಇನ್ನಿಂಗ್ಸ್‌ನಲ್ಲಿ 13 ಸಲ ಸ್ಟ್ರೈಕ್ಔಟ್ ಮಾಡಿದರು, ಅಂದರೆ ಬ್ಯಾಟ್ ಹಿಡಿದವರನ್ನು ತಮ್ಮ ಎಸೆತದಿಂದಲೇ ಔಟ್ ಮಾಡಿದರು. ಪ್ರತಿ ಸಲವೂ ಮಗ ಗೋಡೆಯ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಒಂದೊಂದು ಗೆರೆ ಎಳೆದ. ಒಂಬತ್ತು ಇನ್ನಿಂಗ್ಸ್‌ಗೆ ಮುಗಿಯಬೇಕಿದ್ದ ಪಂದ್ಯ 15 ಇನ್ನಿಂಗ್ಸ್ ಎಳೆದು, ನಡುರಾತ್ರಿ ದಾಟಿದ ಮೇಲೆ 3-2ರಲ್ಲಿ ಸೋತಿರಿ. ಮಗ ನಿಮ್ಮ ತೊಡೆ ಮೇಲೆ ಅತ್ತು ಅಲ್ಲೇ ನಿದ್ದೆಹೋದ. ಆ ಕ್ಯಾಲೆಂಡರ್ ಹಾಳೆ ಇನ್ನೂ ಇಟ್ಟಿದ್ದೀರಿ ಅಂತಲೂ ಬರೆದಿದ್ದೀರಿ. ಸ್ಕೂಬಲ್ ಎಲ್ಲಿಗೆ ಹೋದರೂ ಆ ಹಾಳೆ ನಿಮ್ಮ ಮನೆಯಲ್ಲೇ ಇರುತ್ತದೆ.

ಫೋನ್ ವಿಷಯ. ರಾತ್ರಿ ಅದನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಬನ್ನಿ. ಸುದ್ದಿ ನಿಜವಾಗಿದ್ದರೆ ಬೆಳಿಗ್ಗೆ ಕಾಫಿ ಹೊತ್ತಿಗೂ ನಿಜವೇ. ಗಾಳಿಸುದ್ದಿಯಲ್ಲಿ ಅರ್ಧ ಏಜೆಂಟರು ಮತ್ತು ತಂಡದವರು ಬೆಲೆ ಕುದುರಿಸಲು ಬಿಡುವ ಮಾತು. ಅದಕ್ಕೆ ನಿಮ್ಮ ನಿದ್ದೆ ಯಾಕೆ ಕೊಡುತ್ತೀರಿ? ಹೆಂಡತಿಗೆ ಇವತ್ತೇ ಹೇಳಿ, ತಪ್ಪಾಯ್ತು ಅಂತ. ಅವರು ಇಷ್ಟು ದಿನ ಸಹಿಸಿದ್ದೇ ಜಾಸ್ತಿ.

ಮಗ "ಅಪ್ಪಾ, ಅವರು ಹೋಗ್ತಾರಾ?" ಅಂತ ಕೇಳಿದರೆ, "ಹೋಗಬಹುದು ಕಂದ, ನನಗೂ ಗೊತ್ತಿಲ್ಲ" ಅನ್ನಿ. ಅವನು ಅತ್ತರೆ ಜೊತೆಗೆ ಕೂತುಕೊಳ್ಳಿ. 11 ವರ್ಷದ ಮಗು ಅಷ್ಟನ್ನು ತಡೆದುಕೊಳ್ಳುತ್ತದೆ.

ಜರ್ಸಿ ಕೊಡಿಸಿ. ಹೆಸರು, 29 ನಂಬರ್ ಎರಡೂ ಇರಲಿ. ಏಪ್ರಿಲ್‌ನಲ್ಲಿ ಟೈಗರ್ಸ್ ಮೈದಾನ ಕೊಮೆರಿಕಾ ಪಾರ್ಕ್‌ನಲ್ಲಿ ಇನ್ನೂ ಚಳಿ ಇರುತ್ತದೆ, ಒಳಗೆ ಸ್ವೆಟರ್ ಹಾಕಬೇಕಾಗುತ್ತದೆ. ಒಂದು ಸೈಜ್ ದೊಡ್ಡದೇ ತಗೊಳ್ಳಿ.